ಮಳೆಯ ಹುಳಿಯೂ ಅದರ ಪ್ರಮಾಣವೂ

1

ಆಕಾಶದಿಂದ ಬೀಳುವ ನೀರೇ ನೀರುಗಳಲ್ಲೆಲ್ಲ ನಿರ್ಮಲವಾದುದೆಂಬುದು ನಮ್ಮಲ್ಲಿ ಬಹುಕಾಲದಿಂದ ನೆಲೆನಿಂತಿರುವ ನಂಬುಗೆ. ಬಾವಿಯ ನೀರಿಗೆ ನೆಲದ ಗುಣ ಬರುವುದು. ಕೆರೆಯ ನೀರಿಗೆ ಕೆಸರಿನ ಗುಣ ಬರುವುದು. ಮಳೆಯ ನೀರಿಗೆ ಅಂಟಿಕೊಳ್ಳಲು ಆಕಾಶದಲ್ಲಿ ಏನಿದೆ ಎಂದು ಕೇಳುವವರುಂಟು. ಆದರೆ ನಮ್ಮ ಪ್ರಾಚೀನ ವೈದ್ಯರು ಈ ನಂಬುಗೆಯನ್ನು ಪರೀಕ್ಷೆಯಿಲ್ಲದೆ ಅಂಗೀಕರಿಸಿದವರಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದ 45ನೆಯ ಅಧ್ಯಾಯದಲ್ಲಿ ಅಂತರಿಕ್ಷಜಲವನ್ನು ಗಾಂಗವೆಂದೂ ಸಾಮುದ್ರವೆಂದೂ ವಿಂಗಡಿಸುವ ಉಪಾಯವೊಂದು ಹೇಳಲ್ಪಟ್ಟಿದೆ. ಹದವಾಗಿ ಬೆಂದ ಶಾಲಿಯ ಅನ್ನದ ಪಿಂಡವನ್ನು ಬೆಳ್ಳಿಯ ಪಾತ್ರೆಯಲ್ಲಿಟ್ಟು, ಮಳೆ ಸುರಿಯುವಾಗ ಹೊರಗಿಡಬೇಕು. ಒಂದು ಮುಹೂರ್ತಕಾಲ ಕಳೆದರೂ ಅನ್ನವು ಇದ್ದಂತೆಯೇ ಇದ್ದರೆ ಆ ನೀರು ಗ್ರಾಹ್ಯ. ಬಣ್ಣಗೆಟ್ಟು ಅಳ್ಳಕವಾದರೆ ಅಗ್ರಾಹ್ಯ. ಈ ಪರೀಕ್ಷೆಯು ಎಷ್ಟು ಸೂಕ್ಷ್ಮವಾದುದೆಂಬ ವಿಚಾರ ಹಾಗಿರಲಿ. ಮೋಡದಿಂದ ಇಳಿದ ಮಾತ್ರಕ್ಕೆ ನೀರು ನಿರ್ದೋಷವಾಗಲಾರದು, ಮಳೆಗೂ ಪರೀಕ್ಷೆ ಬೇಕು ಎಂಬ ಬುದ್ಧಿಯು ಅಲ್ಲಿ ಇರುವುದಷ್ಟೆ, ಅದು ಗಮನಾರ್ಹವಾದುದು.

ಸುಮಾರು ನೂರೆಪ್ಪತ್ತು ವರ್ಷಗಳಿಂದೀಚೆಗೆ ಇದೇ ಬುದ್ಧಿಗೆ ಯೂರೋಪು ಖಂಡದಲ್ಲಿ ಹೊಸ ಕೆಲಸ ಬಿದ್ದಿತು. ಕಲ್ಲಿದ್ದಲಿನ ಹೊಗೆಯಿಂದ ಮಳೆಯೇ ಹುಳಿಯಾಗುವುದೆಂದೂ, ಆ ಹುಳಿಯು ಕಲ್ಲನ್ನು ತಿನ್ನುವುದೆಂದೂ, ಸರೋವರಗಳ ಮೀನನ್ನು ನಿರ್ವಂಶಮಾಡುವುದೆಂದೂ ಕ್ರಮೇಣ ತಿಳಿದುಬಂದಿತು. ಇದಕ್ಕೆ ಆಮ್ಲವೃಷ್ಟಿಯೆಂದು ಹೆಸರು. ಇದರ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ನಿರೂಪಣೆಗೆ ಮೊದಲು ಒಂದು ಶಬ್ದದ ವಿಚಾರವನ್ನು ಹೇಳಬೇಕಾಗಿದೆ. ಸಂಸ್ಕೃತದಲ್ಲಿ ‘ಪ್ರಮಾಣ’ವೆಂದರೆ ಅಳತೆಯೂ ಹೌದು, ಯಥಾರ್ಥಜ್ಞಾನಕ್ಕೆ ಸಾಧನವಾದ ಆಧಾರವೂ ಹೌದು. ಇವೆರಡಕ್ಕೂ ಒಂದೇ ಶಬ್ದವಿರುವುದು ಆಕಸ್ಮಿಕವಲ್ಲವೆಂದು ಆಮ್ಲವೃಷ್ಟಿಯ ಕಥೆಯಿಂದ ಚೆನ್ನಾಗಿ ತಿಳಿಯಬರುವುದು. ಹೆಸರು ದೊರೆತು ನೂರು ವರ್ಷವಾದರೂ ಈ ಅನಿಷ್ಟಕ್ಕೆ ಪರಿಹಾರ ದೊರೆಯಲಿಲ್ಲ; ಅಳತೆಯು ಊರೂರಿಗೂ ಹರಡಿದ ಮೇಲೆಯೇ ದೂರಿಗೆ ಆಧಾರ ಬಂದಿತು.

2

ಹುಳಿ ಮತ್ತು ಕ್ಷಾರಗಳ ಪರಸ್ಪರವಿರೋಧವು ಮನುಷ್ಯನಿಗೆ ಅತಿ ಪ್ರಾಚೀನಕಾಲದಿಂದಲೂ ಗೊತ್ತಿರುವ ವಿಷಯ. ಸುಶ್ರುತನ ಸೂತ್ರಸ್ಥಾನದ 11ನೆಯ ಅಧ್ಯಾಯವು ಕ್ಷಾರಪಾಕವಿಧಿ. ಅಲ್ಲಿ ಮರಗಳ ಬೂದಿಯಿಂದ ಮೃದು, ಮಧ್ಯಮ, ತೀಕ್ಷ್ಣವೆಂಬ ಮೂರು ಬಗೆಯ ಕ್ಷಾರಗಳನ್ನು ತೆಗೆಯುವ ಕ್ರಮವಿದೆ. ಕ್ಷಾರದಿಂದ ಸುಟ್ಟ ಜಾಗಕ್ಕೆ ಹುಳಿಯಾದ ದ್ರವ್ಯಗಳನ್ನು ಹಚ್ಚಿದರೆ ಉರಿ ಶಾಂತವಾಗುವುದೆಂದು ಹೇಳಿ, ತೀಕ್ಷ್ಣವಾದ ಹುಳಿಯು ತೀಕ್ಷ್ಣವಾದ ಕ್ಷಾರವನ್ನು ಹೇಗೆ ತಣಿಸೀತೆಂಬ ಪ್ರಶ್ನೆಯನ್ನೂ ಎತ್ತಿ, ಎರಡೂ ಕೂಡಿದಾಗ ತೀಕ್ಷ್ಣತೆಯು ಹೋಗಿ ಮಾಧುರ್ಯವು ಬರುವುದೆಂದು ಸಮಾಧಾನ ಹೇಳಲ್ಪಟ್ಟಿದೆ. ಇದರಿಂದ ಇಂದಿನ ರಸಾಯನಶಾಸ್ತ್ರವೆಲ್ಲವೂ ನಮ್ಮ ಪೂರ್ವಿಕರಿಗೆ ಕರತಲಾಮಲಕವಾಗಿತ್ತೆಂದು ಸಾಧಿಸುವುದು ನನ್ನ ಅಭಿಪ್ರಾಯವಲ್ಲ. ಗುಣವು ಗೊತ್ತಿತ್ತು, ಗುಣದ ತಾರತಮ್ಯವನ್ನು ಅಂಕೆಯಲ್ಲಿ ಹೇಳುವ ಉಪಾಯವಿರಲಿಲ್ಲ.

ಅಡಿಗೆಮನೆಯ ಅರಿಸಿನವೇ ಇದಕ್ಕೆ ಒಳ್ಳೆಯ ಸಾಕ್ಷಿ. ಅರಿಸಿನದ ನೀರಿಗೆ ಸುಣ್ಣ ಬಿದ್ದೊಡನೆ ಅದು ಕೆಂಪಾಗಿ ಆರತಿಯ ಓಕುಳಿಯಾಗುವುದು. ಅದಕ್ಕೇ ನಿಂಬೆಯ ಹುಳಿಯನ್ನು ಹಿಂಡಿದರೆ ತಿರುಗಿ ಹಳದಿಯಾಗುವುದು. ಆಂಗ್ಲದೇಶದ ರಾಬರ್ಟ್ ಬಾಯ್ಲ್ ಎಂಬ ಪಂಡಿತನು 1664ರಲ್ಲಿ ಪ್ರಕಟಿಸಿದ ವರ್ಣವಿಷಯಕ ಗ್ರಂಥದಲ್ಲಿ ನೇರಿಳೆ ಬಣ್ಣದ ವಯೊಲೆಟ್ ಹೂವಿನ ಪಾನಕವನ್ನು ಇದೇ ರೀತಿಯಾಗಿ ಪರೀಕ್ಷೆಗೆ ಉಪಯೋಗಿಸಿದನು. ಅದು ಆಮ್ಲದಿಂದ ಕೆಂಪಾಗುವುದು, ಕ್ಷಾರದಿಂದ ಹಸುರಾಗುವುದು. ಬಣ್ಣವನ್ನು ನೋಡಿ ಆಮ್ಲವೋ ಕ್ಷಾರವೋ ಎಂದು ನಿರ್ಣಯಿಸುವ ಪದ್ಧತಿಯು ಅಲ್ಲಿಂದ ಶಾಸ್ತ್ರದಲ್ಲಿ ರೂಢವಾಯಿತು.

ಆಮ್ಲಕ್ಕೆ ಆಮ್ಲತ್ವವು ಎಲ್ಲಿಂದ ಬಂದಿತು? ಫ್ರಾನ್ಸ್ ದೇಶದ ಲವಾಸಿಯೆಯು, ಉಸಿರಾಟಕ್ಕೆ ಆಧಾರವಾದ ವಾಯುವೇ ಎಲ್ಲ ಆಮ್ಲಗಳಿಗೂ ಜನಕವೆಂದು ತಿಳಿದು, ಅದಕ್ಕೆ ಆಮ್ಲವನ್ನು ಹುಟ್ಟಿಸುವುದೆಂಬ ಅರ್ಥದ ಗ್ರೀಕ್ ಹೆಸರನ್ನಿಟ್ಟನು. ನಮ್ಮ ಕನ್ನಡದ ‘ಆಮ್ಲಜನಕ’ ಶಬ್ದವು ಆ ಹೆಸರಿನ ಅನುವಾದವೇ ಆಗಿದೆ. ಆದರೆ 1810ರ ಸುಮಾರಿಗೆ ಹಂಫ್ರಿ ಡೇವಿಯು, ಅಡಿಗೆಯ ಉಪ್ಪಿನಿಂದ ತೆಗೆಯುವ ಲವಣಾಮ್ಲದಲ್ಲಿ ಆಮ್ಲಜನಕದ ಲೇಶವೂ ಇಲ್ಲವೆಂದೂ ಅದರಲ್ಲಿರುವುದು ಜಲಜನಕವೆಂದೂ ತೋರಿಸಿದನು. ಮುಂದೆ ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸನು 1880ರ ದಶಕದಲ್ಲಿ, ಆಮ್ಲವು ನೀರಿನಲ್ಲಿ ಕರಗಿದಾಗ ವಿದ್ಯುದಂಶವುಳ್ಳ ಜಲಜನಕದ ಕಣಗಳಾಗಿ ಒಡೆಯುವುದೆಂದೂ ಆಮ್ಲತ್ವವು ಆ ಕಣಗಳ ಧರ್ಮವೆಂದೂ ಪ್ರತಿಪಾದಿಸಿದನು. ಈ ಕಣಗಳಿಗೆ ಅಯಾನುಗಳೆಂದು ಹೆಸರು. ಅವನ 1884ರ ಪ್ರಬಂಧಕ್ಕೆ ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ ಕೆಳದರ್ಜೆಯ ಅಂಕ ದೊರೆಯಿತು; ಅದೇ ವಾದಕ್ಕಾಗಿ 1903ರಲ್ಲಿ ನೊಬೆಲ್ ಬಹುಮಾನವು ಬಂದಿತು. ಹೀಗೆ ವಿಚಾರಿಸಿದರೆ ಆಮ್ಲಕ್ಕೆ ನಿಜವಾದ ಜನಕನು ಜಲಜನಕವೇ ಹೊರತು ಆಮ್ಲಜನಕವಲ್ಲ. ಆದರೂ ರೂಢಿಯು ಬಲವಾದುದು. ಹೆಸರು ಹಾಗೆಯೇ ನಿಂತಿತು.

3

ಇತ್ತಲಾಗಿ ಇಂಗ್ಲೆಂಡಿನಲ್ಲಿ ಕಲ್ಲಿದ್ದಲಿನ ಹೊಗೆಯು ಬೆಳೆಯುತ್ತಲೇ ಇದ್ದಿತು. 1661ರಲ್ಲಿಯೇ ಜಾನ್ ಎವೆಲಿನ್ ಎಂಬವನು ಲಂಡನ್ನಿನ ಹೊಗೆಯನ್ನು ಕುರಿತು ರಾಜನಿಗೆ ಅರಿಕೆಯ ರೂಪವಾದ ಪುಸ್ತಕವೊಂದನ್ನು ಬರೆದನು. ಎರಡು ಶತಮಾನಗಳ ತರುವಾಯ ಹತ್ತಿಯ ಗಿರಣಿಗಳ ನಗರವಾದ ಮ್ಯಾಂಚೆಸ್ಟರಿನಲ್ಲಿ ಆ ಹೊಗೆಯು ಆಕಾಶವನ್ನೇ ಮುಚ್ಚಿತು.

ಆ ನಗರದಲ್ಲಿ 1781ರಲ್ಲಿ ಸ್ಥಾಪಿತವಾದ ಸಾಹಿತ್ಯ ಮತ್ತು ತತ್ತ್ವವಿಚಾರಗಳ ಸಂಘವೊಂದಿದ್ದಿತು. ಅದು ರಾಜಧಾನಿಯ ವಿದ್ವತ್ಪರಿಷತ್ತಲ್ಲ. ಊರಿನ ವಿದ್ಯಾವಂತರೇ ಕೂಡಿ ನಡೆಯಿಸುತ್ತಿದ್ದ ಸಂಸ್ಥೆ. ಪರಮಾಣುವಾದಕ್ಕೆ ಹೆಸರಾದ ಡಾಲ್ಟನ್ನನು ಬಹುಕಾಲ ಅದರ ಅಧ್ಯಕ್ಷನಾಗಿದ್ದನು. 1852ರಲ್ಲಿ ಅದರ ಪತ್ರಿಕೆಯಲ್ಲಿ ರಾಬರ್ಟ್ ಆಂಗಸ್ ಸ್ಮಿತ್ ಎಂಬ ರಸಾಯನಜ್ಞನು ಮ್ಯಾಂಚೆಸ್ಟರಿನ ವಾಯು ಮತ್ತು ಮಳೆಗಳ ವಿಷಯವಾಗಿ ಲೇಖನವೊಂದನ್ನು ಬರೆದನು. ಸ್ಮಿತ್ತನು 1817ರಲ್ಲಿ ಗ್ಲಾಸ್ಗೋ ಪ್ರಾಂತದಲ್ಲಿ ಹುಟ್ಟಿ, ಜರ್ಮನಿಯ ಲೀಬಿಗ್ಗನಲ್ಲಿ ಶಿಷ್ಯವೃತ್ತಿ ಮಾಡಿ ಬಂದವನು. ನಗರದಿಂದ ದೂರದ ಹೊಲಗಳಲ್ಲಿ ಬಿದ್ದ ಮಳೆಯನ್ನೂ ನಗರದ ಅಂಚಿನ ಮಳೆಯನ್ನೂ ನಡುವಿನ ಮಳೆಯನ್ನೂ ಅವನು ಬೇರೆ ಬೇರೆಯಾಗಿ ಪರೀಕ್ಷಿಸಿದನು. ಹೊಲದ ಗಾಳಿಯಲ್ಲಿ ಅಮೋನಿಯದ ಕಾರ್ಬೊನೇಟು, ಅಂಚಿನಲ್ಲಿ ಅಮೋನಿಯದ ಸಲ್ಫೇಟು, ನಗರಮಧ್ಯದಲ್ಲಿ ಸಾಕ್ಷಾತ್ ಗಂಧಕಾಮ್ಲ, ಹೀಗೆ ಮೂರು ವಲಯಗಳು ಅವನಿಗೆ ಕಂಡುಬಂದುವು. ಬಟ್ಟೆಯ ಬಣ್ಣವು ಮಾಸುವುದೂ ಲೋಹಗಳು ತುಕ್ಕುಹಿಡಿಯುವುದೂ ಈ ಆಮ್ಲದ ಕೆಲಸವೆಂದು ಅವನು ಕಂಡನು.

1863ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕ್ಷಾರದ ಕಾರ್ಖಾನೆಗಳ ಶಾಸನವನ್ನು ಮಾಡಿತು. ಉಪ್ಪಿನಿಂದ ಸೋಡಾಕ್ಷಾರವನ್ನು ತಯಾರಿಸುವಾಗ ಹೊರಡುವ ಲವಣಾಮ್ಲದ ಹೊಗೆಯಲ್ಲಿ ನೂರಕ್ಕೆ 95 ಪಾಲನ್ನಾದರೂ ನೀರಿನಲ್ಲಿ ಹಿಡಿದು ನಿಲ್ಲಿಸತಕ್ಕದ್ದೆಂದು ಅದರ ವಿಧಿ. ಆ ಶಾಸನದ ಮೇರೆಗೆ ನೇಮಕವಾದ ಪ್ರಥಮ ಇನ್‌ಸ್ಪೆಕ್ಟರನು ಈ ಸ್ಮಿತ್ತನೇ. ಆದರೆ ಮನೆಮನೆಯ ಒಲೆಯಿಂದಲೂ ಗಿರಣಿಗಳ ಕುಲುಮೆಗಳಿಂದಲೂ ಏಳುವ ಕಲ್ಲಿದ್ದಲಿನ ಗಂಧಕಕ್ಕೆ ಆ ಶಾಸನವು ತಗಲಲಿಲ್ಲ. 1872ರಲ್ಲಿ ಸ್ಮಿತ್ತನು ‘ವಾಯು ಮತ್ತು ಮಳೆ’ ಎಂಬ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಆಮ್ಲಮಳೆಯೆಂಬ ಹೆಸರು ಇಂಗ್ಲಿಷಿನಲ್ಲಿ ಅದರಿಂದಲೇ ಬಂದುದು. ಅವನು 1884ರಲ್ಲಿ ತೀರಿಕೊಂಡನು. ಆ ಬಳಿಕ ಗ್ರಂಥವನ್ನು ತೆರೆದು ನೋಡಿದವರು ಅತಿ ವಿರಳ. ಯಾತಕ್ಕೆಂದರೆ, ಒಂದು ಊರಿನ ಮಳೆಯನ್ನು ಇನ್ನೊಂದು ಊರಿನ ಮಳೆಯೊಡನೆ, ಒಂದು ವರ್ಷವನ್ನು ಇನ್ನೊಂದು ವರ್ಷದೊಡನೆ ಸುಲಭವಾಗಿ ಹೋಲಿಸಿ ನೋಡುವ ಸರ್ವಸಮ್ಮತವಾದ ಮಾನದಂಡವೊಂದು ಆಗ ಇರಲಿಲ್ಲ.

4

ಆ ಮಾನದಂಡವು ಹುಟ್ಟಿದ ಸ್ಥಳವು ವಿಚಿತ್ರವಾದುದು. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ, ಜವೆಯಿಂದ ಬಿಯರ್ ಎಂಬ ಮದ್ಯವನ್ನು ಕಾಸುವ ಕಾರ್ಲ್ಸ್‌ಬರ್ಗ್ ಕಂಪನಿಯ ಯಜಮಾನನು 1875ರಲ್ಲಿ ಪ್ರಯೋಗಶಾಲೆಯೊಂದನ್ನು ಸ್ಥಾಪಿಸಿದ್ದನು. 1901ರಿಂದ ಅದರ ರಸಾಯನವಿಭಾಗಕ್ಕೆ ಸೋರೆನ್ ಸೋರೆನ್‌ಸನ್ ಎಂಬ ವಿದ್ವಾಂಸನು ಮುಖ್ಯಸ್ಥನಾದನು. ಹುದುಗಿಗೆ ಕಾರಣವಾದ ಕಿಣ್ವಗಳು ನೀರಿನ ಆಮ್ಲತ್ವವು ಕೊಂಚ ವ್ಯತ್ಯಾಸವಾದರೂ ಕೆಲಸ ನಿಲ್ಲಿಸುವುವು. ಆದುದರಿಂದ ಆಮ್ಲತ್ವವನ್ನು ಸೂಕ್ಷ್ಮವಾಗಿ ನಿರ್ದೇಶಿಸುವುದು ಅವನಿಗೆ ಅವಶ್ಯವಾಯಿತು. 1909ರ ತನ್ನ ಪ್ರಬಂಧದಲ್ಲಿ ಅವನು ಪಿಎಚ್ ಎಂಬ ಸಂಕೇತವನ್ನು ಪ್ರಯೋಗಿಸಿದನು.

ಈ ಸಂಕೇತದ ಅರ್ಥವು ಪರಕೀಯವಾಗಿ ತೋರಿದರೂ ನಮ್ಮ ಸಂಖ್ಯಾಸ್ಥಾನಗಳನ್ನು ಬಲ್ಲವರಿಗೆ ಅತಿ ಸುಲಭ. ಶುದ್ಧವಾದ ಒಂದು ಲೀಟರು ನೀರಿನಲ್ಲಿ ಜಲಜನಕದ ಅಯಾನುಗಳ ತೂಕವು ಒಂದು ಗ್ರಾಮಿನ ಕೋಟಿಯಲ್ಲೊಂದು ಪಾಲು. ಕೋಟಿಗೆ ಸೊನ್ನೆಗಳು ಏಳು. ಆದುದರಿಂದ ಶುದ್ಧಜಲದ ಪಿಎಚ್ 7. ಲಕ್ಷದಲ್ಲೊಂದು ಪಾಲು ಇದ್ದರೆ ಸೊನ್ನೆಗಳು ಐದು, ಪಿಎಚ್ 5. ಸಾವಿರದಲ್ಲೊಂದು ಪಾಲಾದರೆ ಪಿಎಚ್ 3. ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ ಸಹಸ್ರ, ಅಯುತ, ಲಕ್ಷ, ಪ್ರಯುತ, ಕೋಟಿ ಎಂದು ಸ್ಥಾನಗಳ ಹೆಸರನ್ನು ಕಂಠಪಾಠ ಮಾಡಿದ ಬಾಲಕನು ಪಿಎಚ್ 3, 4, 5, 6, 7 ಎಂಬುವನ್ನು ಆ ಕ್ರಮದಲ್ಲಿಯೇ ಎಣಿಸಬಹುದು. ಸಂಖ್ಯೆಯು ಇಳಿದಷ್ಟೂ ಆಮ್ಲತ್ವವು ಏರುವುದು; ಒಂದು ಮೆಟ್ಟಲು ಇಳಿದರೆ ಹತ್ತರಷ್ಟು, ಎರಡು ಇಳಿದರೆ ನೂರರಷ್ಟು. ಏಳಕ್ಕಿಂತ ಮೇಲಿನದು ಕ್ಷಾರ. ನಿಂಬೆಯ ರಸವು ಎರಡು ಎರಡೂವರೆಯ ಸುತ್ತಮುತ್ತ, ಹಾಲು ಆರೂವರೆಯ ಸಮೀಪ, ನಮ್ಮ ರಕ್ತವು 7.4, ಸುಣ್ಣದ ತಿಳಿನೀರು ಹನ್ನೆರಡರ ಮೇಲೆ.

ಮೊದಮೊದಲು ಈ ಅಳತೆಯು ಪ್ರಯೋಗಶಾಲೆಯ ಕುಶಲಿಗಳಿಗೆ ಮಾತ್ರ ಸಾಧ್ಯವಾಗಿದ್ದಿತು. 1934ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಆರ್ನಲ್ಡ್ ಬೆಕ್‌ಮನ್ ಎಂಬವನು ನಿಂಬೆಯ ರಸದ ಹುಳಿಯನ್ನು ಅಳೆಯಬೇಕಾಗಿದ್ದ ತನ್ನ ಸ್ನೇಹಿತನೊಬ್ಬನಿಗಾಗಿ ವಿದ್ಯುದ್ಯಂತ್ರವೊಂದನ್ನು ಕಟ್ಟಿಕೊಟ್ಟನು. ಮುಳ್ಳನ್ನು ನೋಡಿ ಪಿಎಚ್ ಓದುವುದು ಆಗಿನಿಂದ ಸುಲಭವಾಯಿತು. ಮದ್ಯದ ಶಾಲೆಯಲ್ಲಿ ಹುಟ್ಟಿ ನಿಂಬೆಯ ತೋಟದಲ್ಲಿ ಬೆಳೆದ ಈ ಮಾನದಂಡವು ಕೊನೆಗೆ ಮಳೆಯ ಕೆಲಸಕ್ಕೆ ಬಂದಿತು.

5

ಮಳೆಯ ಹುಳಿಯು ಉಂಟಾಗುವ ಕ್ರಮವನ್ನು ಈಗ ನೋಡೋಣ. ಯಾವ ಹೊಗೆಯೂ ಇಲ್ಲದ ಕಡೆಯಲ್ಲಿಯೂ ಮಳೆಯು ಕಿಂಚಿತ್ ಹುಳಿಯೇ. ವಾಯುವಿನಲ್ಲಿ ಸಹಜವಾಗಿರುವ ಅಂಗಾರಾಮ್ಲವಾಯುವು ಹನಿಗಳಲ್ಲಿ ಕರಗಿ ಪಿಎಚ್ಚನ್ನು 5.6ರ ಸುಮಾರಿಗೆ ಇಳಿಸುವುದು. ಆದುದರಿಂದ ಮಳೆಗೆ ನಿರ್ದೋಷತ್ವದ ಗೆರೆಯು 7 ಅಲ್ಲ, 5.6 ಎಂದು ಸಾಮಾನ್ಯವಾಗಿ ಎಣಿಸುವರು.

ಕಲ್ಲಿದ್ದಲಿನಲ್ಲಿ ಗಂಧಕವು ಅಡಗಿರುವುದು. ಅದು ಉರಿದಾಗ ಆಮ್ಲಜನಕದೊಡನೆ ಕೂಡಿ ಕಟುವಾದ ವಾಯುವಾಗಿ ಮೇಲೇಳುವುದು. ಆಕಾಶದಲ್ಲಿ ಇನ್ನೂ ಹೆಚ್ಚು ಆಮ್ಲಜನಕವನ್ನೂ ನೀರನ್ನೂ ಹೀರಿ ಗಂಧಕಾಮ್ಲವಾಗುವುದು. ಒಂದು ಪಾಲು ಗಂಧಕದಿಂದ ತೂಕದಲ್ಲಿ ಮೂರು ಪಾಲು ಗಂಧಕಾಮ್ಲ ಹುಟ್ಟುವುದು. ಅರ್ಥಾತ್, ನೂರಕ್ಕೊಂದು ಪಾಲು ಗಂಧಕವಿರುವ ನೂರು ಟನ್ನು ಇದ್ದಲನ್ನು ಸುಟ್ಟರೆ ಮೂರು ಟನ್ನು ಗಂಧಕಾಮ್ಲಕ್ಕೆ ಬೀಜ ಬಿತ್ತಿದಂತಾಯಿತು. ಎರಡನೆಯ ಅಪರಾಧಿ ಸಾರಜನಕ. ಕುಲುಮೆ ಮತ್ತು ಮೋಟಾರು ಯಂತ್ರಗಳ ಮಹಾತಾಪದಲ್ಲಿ ಗಾಳಿಯ ಸಾರಜನಕವೇ ಉರಿದು, ಮುಂದೆ ನೈಟ್ರಿಕ್ ಆಮ್ಲವಾಗುವುದು. ಸಿಡಿಲೂ ಜ್ವಾಲಾಮುಖಿಗಳೂ ಇಂಥ ಆಮ್ಲಗಳನ್ನು ಹುಟ್ಟಿಸುವುವಾದರೂ, ಕೈಗಾರಿಕೆಯ ದೇಶಗಳಲ್ಲಿ ಮನುಷ್ಯನ ಪಾಲೇ ಅಧಿಕವಾಯಿತು.

ಬಿದ್ದ ಹುಳಿಯ ಪರಿಣಾಮವು ನೆಲದ ಗುಣವನ್ನು ಅನುಸರಿಸುವುದು. ಸುಣ್ಣದ ಅಂಶವಿರುವ ನೆಲವು ಹುಳಿಯನ್ನು ನುಂಗಿ ಜೀರ್ಣಿಸಿಕೊಳ್ಳುವುದು. ಕರಿಗಲ್ಲಿನ ಮೇಲೆ ತೆಳುವಾದ ಮಣ್ಣು ಮಾತ್ರವಿರುವಲ್ಲಿ ಆ ಶಕ್ತಿಯು ಬೇಗನೆ ಮುಗಿದು, ಮಣ್ಣಿನಲ್ಲಿ ಬಂಧಿತವಾಗಿದ್ದ ಅಲ್ಯುಮಿನಿಯಂ ಕರಗಿ ಸರೋವರವನ್ನು ಸೇರುವುದು. ಅದು ಮೀನಿನ ಕಿವಿರುಗಳಿಗೆ ಹತ್ತಿ ಉಸಿರುಕಟ್ಟಿಸುವುದು. ಚಳಿಗಾಲದ ಹಿಮದಲ್ಲಿ ಕೂಡಿಬಿದ್ದ ಹುಳಿಯು ವಸಂತದಲ್ಲಿ ಒಮ್ಮೆಗೇ ಹರಿದುಬಂದು ಮೊಟ್ಟೆಗಳನ್ನೂ ಮರಿಗಳನ್ನೂ ಕೊಲ್ಲುವುದು. ಹಿರಿಯ ಮೀನುಗಳು ಮಾತ್ರ ಕೆಲವು ವರ್ಷ ಉಳಿದು, ಅವೂ ತೀರಿದ ಮೇಲೆ ನೀರು ಗಾಜಿನಂತೆ ತಿಳಿಯಾಗಿ ನಿಲ್ಲುವುದು. ನೋಡುವವರಿಗೆ ಅದು ನಿರ್ಮಲತೆಯಾಗಿ ತೋರುವುದು. ವಾಸ್ತವವಾಗಿ ಅದು ನಿರ್ಜೀವತೆ.

6

1952ರ ಡಿಸೆಂಬರ್ 5ರಿಂದ 9ರ ವರೆಗೆ ಲಂಡನ್ ನಗರವನ್ನು ಕಲ್ಲಿದ್ದಲಿನ ಹೊಗೆಮಂಜು ಕವಿದು, ಸುಮಾರು ನಾಲ್ಕು ಸಾವಿರ ಜನರು ಸತ್ತರೆಂದು ಆಗಿನ ಲೆಕ್ಕ. ಆಮೇಲಿನ ಗಣನೆಗಳು ಇದಕ್ಕಿಂತ ಬಹಳ ಹೆಚ್ಚು. 1956ರಲ್ಲಿ ನಿರ್ಮಲವಾಯುವಿನ ಶಾಸನವು ಬಂದಿತು. ಮನೆಯ ಒಲೆಗಳ ಹೊಗೆ ತಗ್ಗಿತು. ಆದರೆ ವಿದ್ಯುತ್ತಿನ ದೊಡ್ಡ ಕಾರ್ಖಾನೆಗಳಿಗೆ ಎತ್ತರವಾದ ಚಿಮಣಿಗಳನ್ನು ಕಟ್ಟಿ ಹೊಗೆಯನ್ನು ಊರಿನ ಮೇಲಿಂದ ದಾಟಿಸುವುದೇ ಪರಿಹಾರವೆಂದು ಅನೇಕ ದೇಶಗಳವರು ತಿಳಿದರು. ಕೆನಡದ ಸಡ್‌ಬರಿಯಲ್ಲಿ ನಿಕ್ಕಲ್ ಕರಗಿಸುವ ಕಾರ್ಖಾನೆಗೆ 1972ರಲ್ಲಿ 381 ಮೀಟರು ಎತ್ತರದ ಚಿಮಣಿಯನ್ನು ನಿಲ್ಲಿಸಿದರು. ಊರಿನ ಗಾಳಿ ತಿಳಿಯಾಯಿತು. ಹುಳಿಯು ದೂರದವರ ಪಾಲಾಯಿತು. ತನ್ನ ಅಂಗಳದ ಕಸವನ್ನು ಗುಡಿಸಿ ನೆರೆಯವನ ಬೇಲಿಯಾಚೆ ಚೆಲ್ಲುವುದಕ್ಕೂ ಇದಕ್ಕೂ ಭೇದವೇನು?

ಸ್ಮಿತ್ತನು ಬಿಟ್ಟ ಎಳೆಯನ್ನು ತಿರುಗಿ ಹಿಡಿದವರಲ್ಲಿ ಈವಿಲ್ ಗೋರಮ್ ಎಂಬ ಕೆನಡದ ವಿಜ್ಞಾನಿಯು ಮೊದಲಿಗನು. ಇಂಗ್ಲೆಂಡಿನ ಸರೋವರಪ್ರಾಂತದಲ್ಲಿ ಗಾಳಿಯು ಕಾರ್ಖಾನೆಗಳ ದಿಕ್ಕಿನಿಂದ ಬೀಸಿದ ದಿನಗಳಲ್ಲಿ ಮಳೆಯು ಹೆಚ್ಚು ಹುಳಿಯಾಗಿರುವುದನ್ನು ಅವನು 1955ರಲ್ಲಿ ಪ್ರಕಟಿಸಿದನು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಪ್ರಾಂತದ ಹಬರ್ಡ್ ಬ್ರೂಕ್ ಅರಣ್ಯದಲ್ಲಿ ಲೈಕನ್ಸ್, ಬೋರ್ಮನ್ ಮೊದಲಾದವರು 1963ರಿಂದ ಮಳೆಯನ್ನು ಹಿಡಿದು ಅಳೆಯತೊಡಗಿದರು. ಪಟ್ಟಣಗಳಿಂದ ದೂರವಾದ ಆ ಕಾಡಿನಲ್ಲಿಯೂ ಮಳೆಯು ಹುಳಿಯಾಗಿದ್ದಿತು. 1974ರ ಏಪ್ರಿಲಿನಲ್ಲಿ ಸ್ಕಾಟ್ಲೆಂಡಿನ ಪಿಟ್ಲಾಕ್ರಿಯಲ್ಲಿ ಬಿದ್ದ ಮಳೆಯೊಂದರ ಪಿಎಚ್ 2.4ಕ್ಕೆ ಇಳಿದಿದ್ದಿತು. ಅದು ಹುಳಿಯಲ್ಲಿ ವಿನಿಗರಿಗೆ ಸಮಾನ.

ನಿರ್ಣಾಯಕವಾದ ವಾದವು ಸ್ವೀಡನ್ನಿನಿಂದ ಬಂದಿತು. ಆ ದೇಶದಲ್ಲಿ 1940ರ ದಶಕದ ಕೊನೆಯಿಂದ ಮಳೆಯ ರಸಾಯನವನ್ನು ಅಳೆಯುವ ಕೇಂದ್ರಗಳ ಜಾಲವೊಂದು ಇದ್ದು, ಮುಂದೆ ಯೂರೋಪಿನ ಇತರ ದೇಶಗಳಿಗೂ ಹರಡಿದ್ದಿತು. ಸ್ವಾಂಟೆ ಒಡೇನ್ ಎಂಬ ಮಣ್ಣಿನ ವಿಜ್ಞಾನಿಯು ಆ ಅಂಕೆಗಳನ್ನೆಲ್ಲ ಒಂದೆಡೆ ಕೂಡಿಸಿ, ಗಾಳಿಯ ಮಾರ್ಗಗಳೊಡನೆ ತಾಳೆನೋಡಿ, ಬ್ರಿಟನ್ ಮತ್ತು ಮಧ್ಯ ಯೂರೋಪುಗಳ ಗಂಧಕವೇ ಸಮುದ್ರ ದಾಟಿ ಸ್ವೀಡನ್ ನಾರ್ವೆಗಳ ಮೇಲೆ ಬೀಳುತ್ತಿರುವುದೆಂದು 1967ರಲ್ಲಿ ದಿನಪತ್ರಿಕೆಯ ಮೂಲಕ ಜನರ ಮುಂದಿಟ್ಟನು. ಇದು ರಾಷ್ಟ್ರಗಳ ನಡುವಣ ರಾಸಾಯನಿಕ ಯುದ್ಧವೆಂದೇ ಅವನು ಕರೆದನು. ತರ್ಕಶಾಸ್ತ್ರವನ್ನು ಓದಿದವರೆಲ್ಲರಿಗೂ ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಉದಾಹರಣೆಯು ಗೊತ್ತಿದೆ. ಇಲ್ಲಿಯಾದರೋ ಬೆಟ್ಟದ ಮೇಲೆ ಹೊಗೆಯೂ ಇಲ್ಲ, ಬೆಂಕಿಯೂ ಇಲ್ಲ. ಬೆಂಕಿಯು ನೂರಾರು ಮೈಲಿಗಳಾಚೆ ಇನ್ನೊಬ್ಬರ ರಾಜ್ಯದಲ್ಲಿದೆ. ಇಂಥಲ್ಲಿ ಅನುಮಾನಪ್ರಮಾಣಕ್ಕೆ ವರ್ಷಗಟ್ಟಲೆ ಬರೆದಿಟ್ಟ ಪಿಎಚ್ಚಿನ ಸಾಲುಗಳೇ ಹೇತುವಾದುವು.

7

1972ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನದಲ್ಲಿ ಸ್ವೀಡನ್ ಈ ದೂರನ್ನು ಮಂಡಿಸಿತು. 1979ರಲ್ಲಿ ಜಿನೀವಾದಲ್ಲಿ ಗಡಿ ದಾಟುವ ವಾಯುಮಾಲಿನ್ಯದ ಒಪ್ಪಂದವು ಆಯಿತು. ಪರಸ್ಪರ ವೈರದಲ್ಲಿದ್ದ ಪೂರ್ವ ಪಶ್ಚಿಮ ಯೂರೋಪುಗಳೆರಡೂ ಅದಕ್ಕೆ ಸಹಿಹಾಕಿದುವು. 1980ರ ಮಟ್ಟದಿಂದ ಗಂಧಕದ ಹೊಗೆಯನ್ನು 1993ರೊಳಗೆ ನೂರಕ್ಕೆ 30ರಷ್ಟಾದರೂ ಇಳಿಸತಕ್ಕದ್ದೆಂದು 1985ರಲ್ಲಿ ಹೆಲ್ಸಿಂಕಿಯಲ್ಲಿ ಕಟ್ಟಳೆಯಾಯಿತು. ಆ ಕಟ್ಟಳೆಗೆ ಬ್ರಿಟನ್ ಸೇರಲಿಲ್ಲ. ಸಾಕ್ಷ್ಯವು ಇನ್ನೂ ಸಾಲದೆಂದು ಅಲ್ಲಿ ಬಹುದಿನ ವಾದ ನಡೆಯಿತು. ಅಮೆರಿಕದಲ್ಲಿ 1990ರಲ್ಲಿ ಶಾಸನವು ತಿದ್ದಲ್ಪಟ್ಟು ವಿದ್ಯುತ್ ಕಾರ್ಖಾನೆಗಳ ಗಂಧಕಕ್ಕೆ ಮೇರೆ ಬಿದ್ದಿತು.

ಪರಿಹಾರದ ರಸಾಯನವು ಸುಶ್ರುತನು ಹೇಳಿದ ಕ್ಷಾರಾಮ್ಲಗಳ ಸಂಯೋಗವೇ. ಚಿಮಣಿಯೊಳಗೆ ಸುಣ್ಣಕಲ್ಲಿನ ಪುಡಿ ಬೆರೆಸಿದ ನೀರನ್ನು ಸಿಂಪಡಿಸಿದರೆ ಗಂಧಕದ ವಾಯುವು ಅದರಲ್ಲಿ ಸಿಕ್ಕಿ ಜಿಪ್ಸಂ ಆಗುವುದು. ಸ್ವೀಡನ್ನಿನವರು 1977ರಿಂದ ಸರಕಾರದ ವೆಚ್ಚದಲ್ಲಿ ಸಾವಿರಾರು ಸರೋವರಗಳಿಗೆ ಸುಣ್ಣಕಲ್ಲಿನ ಪುಡಿಯನ್ನು ಚೆಲ್ಲಿದರು. ಇವುಗಳಿಂದಲೂ ಇದ್ದಲಿನ ಉಪಯೋಗವು ಕಡಮೆಯಾದುದರಿಂದಲೂ ಯೂರೋಪಿನಲ್ಲಿ ಗಂಧಕದ ಹೊಗೆಯು 1980ಕ್ಕಿಂತ ನೂರಕ್ಕೆ ಎಂಬತ್ತಕ್ಕಿಂತಲೂ ಹೆಚ್ಚಾಗಿ ಇಳಿದಿದೆ. 2024ರ ಸೆಪ್ಟೆಂಬರ್ 30ರಂದು ಬ್ರಿಟನ್ನಿನ ಕಟ್ಟಕಡೆಯ ಇದ್ದಲಿನ ವಿದ್ಯುತ್ ಕಾರ್ಖಾನೆಯೂ ಮುಚ್ಚಲ್ಪಟ್ಟಿತು. ಮಳೆಯು ಬೇಗನೆ ಗುಣವಾಯಿತು; ಮಣ್ಣು ನಿಧಾನವಾಗಿ ಗುಣವಾಗುತ್ತಿದೆ. ಹುಳಿಯು ತೊಳೆದುಕೊಂಡು ಹೋದ ಸುಣ್ಣದ ಅಂಶವು ಬಂಡೆಗಳಿಂದ ತಿರುಗಿ ಹುಟ್ಟಿಬರಲು ಅನೇಕ ದಶಕಗಳು ಬೇಕು.

8

ಕಡೆಯಲ್ಲಿ ನಮ್ಮ ದೇಶದ ವಿಚಾರ. ಭಾರತದ ಅನೇಕ ಸ್ಥಳಗಳಲ್ಲಿ ಮಳೆಯ ಪಿಎಚ್ ಬಹುಕಾಲ 5.6ಕ್ಕಿಂತ ಮೇಲೆಯೇ ಇದ್ದಿತು. ನಮ್ಮ ಬಯಲುಗಳಿಂದ ಏಳುವ ಧೂಳಿನಲ್ಲಿ ಸುಣ್ಣದ ಅಂಶವಿದ್ದು, ಅದು ಆಕಾಶದಲ್ಲಿಯೇ ಹುಳಿಯನ್ನು ತಣಿಸುವುದು. ನಮ್ಮ ಇದ್ದಲಿನಲ್ಲಿ ಗಂಧಕವೂ ಬಹುಮಟ್ಟಿಗೆ ಕಡಮೆ. ಆದರೆ ಇದ್ದಲನ್ನು ಸುಡುವ ಮೊತ್ತವು ಹೆಚ್ಚಿದಂತೆಲ್ಲ ದಶಕದಿಂದ ದಶಕಕ್ಕೆ ಹಲವು ಕೇಂದ್ರಗಳಲ್ಲಿ ಈ ಸಂಖ್ಯೆಯು ಇಳಿಮುಖವಾಗಿರುವುದು ದಾಖಲೆಯಾಗಿದೆ. ತಾಜಮಹಲಿನ ಅಮೃತಶಿಲೆಯನ್ನು ಗಂಧಕದ ಹೊಗೆಯಿಂದ ರಕ್ಷಿಸುವುದಕ್ಕಾಗಿ, ಸುತ್ತಣ 292 ಕಾರ್ಖಾನೆಗಳು ಇದ್ದಲನ್ನು ಬಿಟ್ಟು ಅನಿಲಕ್ಕೆ ತಿರುಗತಕ್ಕದ್ದು ಅಥವಾ ಸ್ಥಳ ಬಿಡತಕ್ಕದ್ದೆಂದು ಸುಪ್ರೀಂ ಕೋರ್ಟು 1996ರ ಡಿಸೆಂಬರ್ 30ರಂದು ತೀರ್ಪು ಕೊಟ್ಟಿತು. ವಿದ್ಯುತ್ ಕಾರ್ಖಾನೆಗಳ ಗಂಧಕದ ಹೊಗೆಗೆ 2015ರಲ್ಲಿ ಮಿತಿಯು ಗೊತ್ತುಮಾಡಲ್ಪಟ್ಟಿತು. ಗಡುವು ಪದೇ ಪದೇ ಮುಂದಕ್ಕೆ ಹೋಗಿ, 2025ರಲ್ಲಿ ಬಹುಪಾಲು ಕಾರ್ಖಾನೆಗಳಿಗೆ ಹೊಗೆ ತೊಳೆಯುವ ಯಂತ್ರದ ವಿಷಯದಲ್ಲಿ ವಿನಾಯಿತಿಯು ದೊರೆಯಿತು. ನಮ್ಮ ಮಲೆನಾಡು ಕರಾವಳಿಗಳ ಜಂಬಿಟ್ಟಿಗೆಯ ಮಣ್ಣು ಸ್ವಭಾವತಃ ಹುಳಿಯಾದುದು, ಸುಣ್ಣದಲ್ಲಿ ಬಡವಾದುದು. ಅದಕ್ಕೆ ಹೊರಗಿನ ಹುಳಿಯನ್ನು ಜೀರ್ಣಿಸುವ ಶಕ್ತಿ ಸ್ವಲ್ಪ. ಹೀಗಿರುವಲ್ಲಿ ಧೂಳಿನ ಕೃಪೆಯನ್ನೇ ನಂಬಿ ನಿಶ್ಚಿಂತರಾಗಿರುವುದು ವಿವೇಕವಲ್ಲ.

ಸ್ಮಿತ್ತನ ಲೇಖನವು ಊರಿನ ಸಂಘವೊಂದರ ಪತ್ರಿಕೆಯಲ್ಲಿ ಬಂದುದೆಂಬುದನ್ನು ವಾಚಕರು ಮರೆಯಬಾರದು. ಒಡೇನನ ವಾದಕ್ಕೆ ಬಲ ಕೊಟ್ಟುದು ಒಬ್ಬನ ಪ್ರತಿಭೆಯಲ್ಲ. ಹಲವು ಊರುಗಳಲ್ಲಿ ಹೆಸರಿಲ್ಲದವರು ತಿಂಗಳು ತಿಂಗಳೂ ಮಳೆಯನ್ನು ಹಿಡಿದು ಬರೆದಿಟ್ಟ ಲೆಕ್ಕ. ಅಂಥ ಲೆಕ್ಕವನ್ನು ನಮ್ಮ ಜಿಲ್ಲೆಯ ಪಾಠಶಾಲೆಗಳೂ ಇಡಬಹುದು. ಶುದ್ಧವಾಗಿ ತೊಳೆದ ಗಾಜಿನ ಪಾತ್ರೆಯನ್ನು ಮರಗಳಿಂದಲೂ ಸೂರಿನಿಂದಲೂ ದೂರವಾಗಿ ಎತ್ತರದಲ್ಲಿಡಬೇಕು. ಮೊದಲ ಮಳೆಯ ನೀರನ್ನೂ ಅನಂತರದ ನೀರನ್ನೂ ಬೇರೆಯಾಗಿ ಹಿಡಿಯಬೇಕು. ಬಣ್ಣದ ಕಾಗದವು ಮಳೆಯ ನೀರಿಗೆ ಸಾಕಷ್ಟು ನಂಬಿಕೆಯದಲ್ಲವಾದುದರಿಂದ ಕಾಲೇಜಿನ ಪ್ರಯೋಗಶಾಲೆಯ ಪಿಎಚ್ ಮಾಪಕದಲ್ಲಿ ಅಂದೇ ನೋಡಿಸಿ, ತಾರೀಖು, ಗಾಳಿಯ ದಿಕ್ಕು, ಪಿಎಚ್ ಈ ಮೂರನ್ನೂ ಒಂದು ಪುಸ್ತಕದಲ್ಲಿ ಬರೆಯಬೇಕು. ಒಂದು ವರ್ಷದ ಲೆಕ್ಕದಿಂದ ಏನೂ ತಿಳಿಯದು. ಹತ್ತು ಮಳೆಗಾಲಗಳ ಲೆಕ್ಕವಿದ್ದರೆ, ಮುಂದೆ ನಮ್ಮ ಜನರು ಯಾರೊಡನೆಯಾದರೂ ವಾದಿಸಬೇಕಾಗಿ ಬಂದಾಗ ಅವರ ಕೈಯಲ್ಲಿ ಪ್ರಮಾಣವಿರುವುದು.